ಬೈದವಳ ನಂಬರು

ನಮ್ಮ ರೇಡಿಯೋ ನಿಂತ ಮೇಲೆ ಚಿತ್ರದುರ್ಗದಲ್ಲಿ ನನಗೆ ಎದುರಾದವರೆಲ್ಲ ‘ಛೆ, ಎಷ್ಟು ಚೆನ್ನಾಗಿ ಬರ್ತಿತ್ತು’ ಎನ್ನತೊಡಗಿದರು. ಅವರಲ್ಲಿ ಅರ್ಧಕ್ಕರ್ಧ ಜನ ಒಂದು ದಿನವೂ ಅದನ್ನು ಕೇಳಿದವರಲ್ಲ. ನಿಜವಾಗಿ ಕೇಳುತ್ತಿದ್ದವರು ಹಾಗೆ ಹೇಳಲಿಲ್ಲ. ಅವರು ನನ್ನ ಮೇಲೆ ಸಿಟ್ಟಾಗಿದ್ದರು. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು ನನ್ನ ದನಿಯ ಗುರುತು ಹಿಡಿದು, ‘ರೇಡಿಯೋ ಬಂದ್ ಮಾಡಿದ್ದು ನೀವೇನಾ?’ ಎಂದು ಕೇಳಿದಳು. ಹೌದು ಎಂದೆ. ನನ್ನ ಚೀಲಕ್ಕೆ ಹಾಕಿದ್ದ ಮೆಂತ್ಯದ ಕಟ್ಟನ್ನು ವಾಪಸ್ ತೆಗೆದುಕೊಂಡು, ‘ಬೇರೆ ಕಡೆ ತಗಳ್ರಿ’ ಎಂದಳು. ಆ ಸಿಟ್ಟನ್ನು ನಾನು ಒಪ್ಪುತ್ತೇನೆ. ಸಂತಾಪ ಹೇಳಿದವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ.

ಅದು ಇಂಟರ್ನೆಟ್ಟಿನ ರೇಡಿಯೋ. ಗೋಪುರವಿಲ್ಲ, ಕಂಬವಿಲ್ಲ. ಮೊಬೈಲಿನಲ್ಲಿ ಒಂದು ಲಿಂಕ್ ಒತ್ತಿದರೆ ನಮ್ಮ ದನಿ ಬರುತ್ತಿತ್ತು. ತುರುವನೂರು ರಸ್ತೆಯ ಕಡೆಗಿರುವ ನಮ್ಮ ಮನೆಯ ಮಹಡಿ ಮೇಲಿನ ಸಣ್ಣ ಕೋಣೆಯೇ ಸ್ಟುಡಿಯೋ. ದನಿ ಗುಂಯ್‌ಗುಡದಿರಲಿ ಎಂದು ಗೋಡೆಗಳಿಗೆ ಹಳೆಯ ಕೌದಿಗಳನ್ನು ಹೊಡೆದಿದ್ದೆವು. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ಅದರ ಸದ್ದೂ ಮೈಕಿಗೆ ಹೋಗುತ್ತಿದ್ದರಿಂದ ಒದ್ದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೂರುತ್ತಿದ್ದೆ. ನಾನು ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದು, ಆಡಳಿತದವರ ಜೊತೆ ಜಗಳವಾಡಿಕೊಂಡು ಬಿಟ್ಟು ಬಂದವಳು. ನನ್ನ ಮೈದುನ ಮದುವೆ, ಸಭೆಗಳಿಗೆ ಮೈಕ್‌ಸೆಟ್ ಹಾಕುವ ಅಂಗಡಿ ಇಟ್ಟವನು. ಮಾತು ನನ್ನದು, ಮೆಷೀನು ಅವನದು. ನನ್ನ ಗಂಡನಿಗೆ ಇವೆರಡರಲ್ಲೂ ಆಸಕ್ತಿಯಿರಲಿಲ್ಲ. ಅವರದು ಹಿರಿಯೂರಿನಲ್ಲಿ ಔಷಧದ ಅಂಗಡಿ; ಬೆಳಿಗ್ಗೆ ಬಸ್ಸು ಹತ್ತಿದರೆ ಕತ್ತಲಾದ ಮೇಲೇ ಬರುವವರು. ಮನೆಯ ಅರ್ಧ ಭಾಗದಲ್ಲಿ ನಾವು, ಇನ್ನರ್ಧದಲ್ಲಿ ಮೈದುನನ ಸಂಸಾರ. ಅತ್ತೆ ಎರಡೂ ಕಡೆ ಓಡಾಡಿಕೊಂಡಿದ್ದರು.

ಮೊದಮೊದಲು ನಮ್ಮದನ್ನು ಯಾರೂ ಕೇಳಲಿಲ್ಲ. ಸೋಬಾನೆ ಪದ, ಶೇಂಗಾ ರೇಟು, ಕಥೆ ಓದುವುದು, ಮಕ್ಕಳಿಗೆ ಒಗಟು ಎಲ್ಲ ಹಾಕಿ ನೋಡಿದೆವು. ನಾನು ಬಹಳ ಶುದ್ಧವಾಗಿ ಮಾತಾಡುತ್ತಿದ್ದೆ, ಅದೇ ತೊಂದರೆಯಾಗಿತ್ತೋ ಏನೋ. ಒಂದು ಸಂಜೆ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಿಂದ ಹೆಂಗಸೊಬ್ಬಳು ಹಾಡು ಕೇಳಲು ಫೋನ್ ಮಾಡಿದಳು. ಯಾವ ಹಾಡು ಎಂದು ನಾನು ಕೇಳುವಷ್ಟರಲ್ಲಿ ಅವಳ ಬಸ್ಸು ನಿಲ್ಲದೆ ಹೋಯಿತು. ಫೋನ್ ಕಿವಿಯಲ್ಲಿದ್ದಂತೆಯೇ ಅವಳು ಆ ಡ್ರೈವರನನ್ನು ಬೈಯತೊಡಗಿದಳು. ಅವನ ಕಣ್ಣು, ಅವನ ಕನ್ನಡಿ, ಅವನ ಬ್ರೇಕು, ಅದನ್ನು ತುಳಿಯಲಾಗದ ಅವನ ಕಾಲು ಎಲ್ಲವನ್ನೂ ಸಾಲಾಗಿ ಹಿಡಿದು ಬೈದಳು. ಮೈದುನ ಕಟ್ ಮಾಡಲೇ ಎಂದು ಸನ್ನೆ ಮಾಡಿದ. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಬೈದು ಮುಗಿಸಿ ಅವಳು, ‘ಈಗ ಹಾಡು ಬ್ಯಾಡ ಬಿಡ್ರಿ, ಸಮಾಧಾನ ಆಯ್ತು’ ಎಂದು ಇಟ್ಟಳು. ಮರುದಿನದಿಂದ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು.

ಹಾಗೆ ಶುರುವಾದದ್ದು ‘ಸಿಟ್ಟಿನ ಹೊತ್ತು’. ಸಂಜೆ ಒಂದು ತಾಸು ಯಾರು ಬೇಕಾದರೂ ಫೋನ್ ಮಾಡಿ ಬೈಯಬಹುದು. ಹೆಸರು ಹೇಳಕೂಡದು, ಜಾತಿ ಎತ್ತಕೂಡದು, ಯಾರ ತಾಯಿಯನ್ನೂ ಎಳೆಯಕೂಡದು. ಇಷ್ಟು ಕಟ್ಟು ಹಾಕಿದ ಮೇಲೆ ಜನರ ಬಾಯಲ್ಲಿ ಬಂದ ಕನ್ನಡ ನಾನು ಕಾಲೇಜಿನಲ್ಲಿ ಪಾಠ ಮಾಡಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಸಿರಿಗೆರೆಗೆ ಓದಲು ಹೋಗುವ ಹುಡುಗಿಯೊಬ್ಬಳು ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವವರನ್ನು ಬೈದಳು. ಜೋಗಿಮಟ್ಟಿ ತಪ್ಪಲಿನಲ್ಲಿ ಕುರಿ ಮೇಯಿಸುವವನೊಬ್ಬ ಕುರಿ ಹೋಗುವ ದಾರಿಗೆ ಮುಳ್ಳುತಂತಿ ಹಾಕಿದವನನ್ನು ಬೈದ. ‘ನನ್ನ ಟಗರು ತಲೆ ತಗ್ಗಿಸಿದ್ರೆ ಗುದ್ದಾಕೆ ತಗ್ಗಿಸ್ತೈತೆ. ನಾನು ತಗ್ಗಿಸಿದ್ರೆ ಬರೀ ತಗ್ಗಿಸಾಕೆ. ಅದಕ್ಕೇ ಸಿಟ್ಟು ನನಗೆ’ ಎಂದ. ನಾನು ನಗಲಿಲ್ಲ. ಅವನು ನಗಿಸಲು ಹೇಳಿದ್ದಲ್ಲ.

ಹೊಸದುರ್ಗ ತಾಲ್ಲೂಕಿನ ಒಂದು ಊರಿನಿಂದ ಆ ಹೆಂಗಸು ಫೋನ್ ಮಾಡಿದ್ದು ಬೇಸಿಗೆಯ ಶುರುವಿನಲ್ಲಿ. ಮಧ್ಯವಯಸ್ಸಿನ ದನಿ, ಅವಸರವಿಲ್ಲದ್ದು. ಊರಲ್ಲಿ ಕುಡಿಯುವ ನೀರಿನ ಫಿಲ್ಟರ್ ಘಟಕವಿದೆ, ಅದರ ಬೀಗದ ಕೈ ಊರ ಮುಖಂಡನೊಬ್ಬನ ಕಡೆಯವರ ಬಳಿ ಇದೆ. ಪಂಚಾಯ್ತಿ ಚುನಾವಣೆಯಲ್ಲಿ ಅವನಿಗೆ ಓಟು ಹಾಕಲಿಲ್ಲವೆಂದು ಇವಳ ಓಣಿಗೆ ನೀರಿಲ್ಲ. ಬೋರಿನ ಉಪ್ಪುನೀರೇ ಗತಿ.

‘ನಮ್ಮ ಓಣಿಯೋರು ಕೊಡ ಹಿಡ್ಕಂಡು ಹೋದ್ರೆ ಮಿಷನ್ ಕೆಟ್ಟೈತೆ ಅಂತಾರೆ, ಅಕ್ಕಾರೆ. ಆಕಡೆ ಓಣಿಯೋರು ಹೋದ್ರೆ ರಿಪೇರಿ ಆಗಿರ್ತೈತೆ. ಮುಖ ನೋಡಿ ನೀರು ಕೊಡೋ ಮಿಷನ್ನು ಎಲ್ಲಿಂದ ತಂದ್ರೋ ಏನೋ’ ಎಂದಳು. ಆಮೇಲೆ ನನ್ನನ್ನು ಬಿಟ್ಟು ನೇರ ಅವನಿಗೇ ತಿರುಗಿದಳು. ‘ಹಾರ ಹಾಕಿಸ್ಕಳಾಕೆ ಕುತ್ತಿಗೆ ಚಾಚ್ಕಂಡು ತಿರುಗೋನೇ, ನಿನಗೆ ಕೊನೆಗಾಲದಾಗೆ ಬಾಯಿಗೆ ನೀರು ಬಿಡಾಕೆ ನಮ್ಮ ಓಣಿಯೋರೇ ಬರ್ಲಿ. ಅವತ್ತು ನಾವೂ ಮಿಷನ್ ಕೆಟ್ಟೈತೆ ಅಂತೀವಿ.’

ಹೆಸರು ಹೇಳಲಿಲ್ಲ. ಊರನ್ನೂ ಹೇಳಲಿಲ್ಲ. ಆದರೂ ಆ ಮಾತನ್ನು ಯಾರೋ ಮೊಬೈಲಿನಲ್ಲಿ ಹಿಡಿದುಕೊಂಡು ಹಂಚಿದರು. ಹೊಸದುರ್ಗದಲ್ಲಿ ಅದು ಯಾರ ಕುತ್ತಿಗೆ ಎಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನನಗೆ ಖುಷಿಯಾಗಿತ್ತು. ನೀರು ಬಂತೇ ಎಂದು ತಿಳಿಯಬೇಕೆನಿಸಿತು. ಫೋನ್ ಮಾಡಿದವರ ನಂಬರುಗಳಿರುತ್ತಿದ್ದ ಸ್ಟುಡಿಯೋ ಮೊಬೈಲನ್ನು ಮೈದುನನೇ ಇಟ್ಟುಕೊಳ್ಳುತ್ತಿದ್ದ. ಅವಳಿಗೊಂದು ಫೋನ್ ಮಾಡಿ ಕೊಡು ಎಂದರೆ ‘ಚಾರ್ಜಿಲ್ಲ ಅತ್ತಿಗೆ’ ಎನ್ನುತ್ತಿದ್ದ, ‘ಆಮೇಲೆ ಮಾಡಾಣ’ ಎನ್ನುತ್ತಿದ್ದ. ಆ ದಿನಗಳಲ್ಲಿ ಅವನು ಹೊಸದುರ್ಗಕ್ಕೆ ಮೇಲಿಂದ ಮೇಲೆ ಹೋಗುತ್ತಿದ್ದ. ಅಲ್ಲಿ ದೊಡ್ಡ ಸಭೆಗಳಿಗೆ ಮೈಕ್‌ಸೆಟ್ ಹಾಕುವ ಕೆಲಸ ಸಿಕ್ಕಿದೆ ಎಂದಿದ್ದ. ಯಾರ ಸಭೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಕೆಲವು ದಿನ ಕಳೆದ ಮೇಲೆ ಸಿಟ್ಟಿನ ಹೊತ್ತಿನ ನಡುವೆ ಗಂಡಸಿನ ದನಿಯೊಂದು ಬಂತು. ‘ನೀರಿನ ಮಿಷನ್ನಿಗೆ ಬೈದ ಅಮ್ಮ ಇದ್ಲಲ್ಲ, ನಾನು ಅದೇ ಊರೋನು. ಇವತ್ತು ನಾನು ಬೈತಾ ಇರೋದು ನಿಮಗೇ’ ಎಂದ.

‘ಬೈಯಿರಿ’ ಎಂದೆ.

‘ಆಕೇನ ಪಂಚಾಯ್ತಿ ಕಟ್ಟೆ ಮುಂದೆ ನಿಲ್ಸಿ, ಎಲ್ರ ಮುಂದೆ ತಪ್ಪಾಯ್ತು ಅನ್ನಿಸಿದ್ರು. ಆಕಿ ಮೊಬೈಲ್ ನಂಬರು ನಿಮ್ಮ ರೇಡಿಯೋದೋರೇ ಕೊಟ್ಟರಂತೆ. ಬೈರಿ ಬೈರಿ ಅಂತ ನೀವೇ ಕರೀತೀರಿ, ಆಮೇಲೆ ನೀವೇ ಹಿಡ್ಕೊಡ್ತೀರಿ. ನಾಚ್ಕೆ ಆಗಲ್ವೇನ್ರಿ ನಿಮಗೆ?’

ಅವನ ಮಾತು ಅಲ್ಲಿಗೇ ನಿಂತು ಹಾಡು ಶುರುವಾಯಿತು. ಮೈದುನ ಕಟ್ ಮಾಡಿದ್ದ. ನಾನು ಹೆಡ್‌ಫೋನ್ ತೆಗೆದು ಅವನ ಕಡೆ ನೋಡಿದೆ. ಅವನು ದನಿ ಹೊಂದಿಸುವ ಮಿಕ್ಸರಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತಿದ್ದ.

‘ಯಾರು ಕೊಟ್ಟಿದ್ದು?’

‘ಅತ್ತಿಗೆ, ಹಾಡು ಮುಗೀತೈತೆ, ಮುಂದಿನ ಕಾಲ್ ತಗಳ್ರಿ.’

‘ಯಾರು ಕೊಟ್ಟಿದ್ದು ಅಂತ ಕೇಳ್ದೆ.’

‘ಕೇಳಿದ್ರು, ಕೊಟ್ಟೆ. ಮಾತಾಡಿ ಬಗೆಹರಿಸ್ಕಂತೀವಿ ಅಂದ್ರು. ನಾಳೆ ಅವರೂರಾಗೆ ನನಗೆ ಕೆಲ್ಸ ಬ್ಯಾಡ್ವಾ?’

‘ಆ ನಂಬರು ನಿಂದಾ, ಕೊಡಾಕೆ?’

ಅವನು ಆಗ ತಲೆ ಎತ್ತಿದ. ‘ನಂದಲ್ಲ. ಆದ್ರೆ ಆಕಿ ಕೈಲಿ ಬೈಸಿದ್ದು ನೀವು. ನಾನು ಬರೀ ನಂಬರ್ ಕೊಟ್ಟೆ. ಇಬ್ರಲ್ಲಿ ಯಾರದ್ದು ದೊಡ್ಡದು ಅಂತ ನೀವೇ ಹೇಳ್ರಿ.’

ಈ ಮಾತನ್ನು ಅವನು ಆಗಲೇ ಯೋಚಿಸಿಟ್ಟುಕೊಂಡಿದ್ದನೆಂದು ನನಗೆ ಅನಿಸಿತು. ಕೈಗೆ ಸಿಕ್ಕ ನೀರಿನ ಬಾಟಲಿಯನ್ನು ಅವನ ಕಡೆ ಎಸೆದೆ. ಅದು ಕೌದಿಗೆ ಬಡಿದು ಸದ್ದಿಲ್ಲದೆ ಬಿತ್ತು. ಅವನು ಎದ್ದು ಮೆಟ್ಟಿಲಿಳಿದು ಹೋದ. ಹಾಡು ಮುಗಿದು ಆಮೇಲೆ ಏನೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹತ್ತಿ ಹೊಸದುರ್ಗಕ್ಕೆ ಹೋದೆ. ಅಲ್ಲಿಂದ ಆಟೋ. ಆ ಮಾತು ಹರಡಿದ ಮೇಲೆ ಊರಿನ ಹೆಸರು ನನ್ನ ಕಿವಿಗೂ ಬಿದ್ದಿತ್ತು; ಆಟೋದವನಿಗೆ ಅದನ್ನು ಹೇಳಿ, ಫಿಲ್ಟರ್ ನೀರಿನ ಜಗಳದ ಮನೆ ಎಂದೆ. ಅವನು ಮತ್ತೆ ಏನೂ ಕೇಳದೆ ನೇರ ಅವಳ ಬಾಗಿಲಿಗೇ ತಂದು ನಿಲ್ಲಿಸಿದ. ಅವಳು ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಫೋನಿನಲ್ಲಿ ಕೇಳಿದ್ದಕ್ಕಿಂತ ಸಣ್ಣ ಹೆಂಗಸು. ನಾನು ಎರಡು ಮಾತಾಡುವಷ್ಟರಲ್ಲಿ ನನ್ನ ದನಿಯಿಂದಲೇ ಗುರುತಿಸಿದಳು. ಕೂರಿ ಎನ್ನಲಿಲ್ಲ.

‘ನೀವು ಇಲ್ಲಿಗೆ ಬರಬಾರದಿತ್ತು’ ಎಂದಳು. ‘ಆಟೋದಾಗೆ ಬಂದು ಇಳಿದಿದ್ದು ಓಣಿಯೋರೆಲ್ಲ ನೋಡಿದ್ರು. ಇನ್ನು ನಾನೇ ನಿಮ್ಮನ್ನ ಕರೆಸ್ದೆ ಅಂತಾರೆ.’

‘ತಪ್ಪಾಯಿತು ಅಂತ ಹೇಳೋಕೆ ಬಂದೆ.’

‘ಅದನ್ನ ನಾನು ಹೇಳಿ ಆಗೈತೆ, ಕಟ್ಟೆ ಮುಂದೆ. ಈಗ ನೀವು ನನಗೆ ಹೇಳಿದ್ರೆ ಅದು ವಾಪಸ್ ಬರ್ತೈತೇನು?’ ಅವಳ ಕೈ ನಿಲ್ಲಲಿಲ್ಲ. ಹುಣಸೆ ಬೀಜಗಳು ತಟ್ಟೆಗೆ ಬೀಳುತ್ತಲೇ ಇದ್ದವು. ‘ನಂಬರ್ ಕೊಟ್ಟಿದ್ದು ಯಾರು?’

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ‘ನನ್ನ ಮೈದುನ’ ಎಂದೆ.

‘ಮನೆಯೋರೇ.’

ಆ ಒಂದು ಮಾತಿನಲ್ಲಿ ಬೈಗುಳವೇನೂ ಇರಲಿಲ್ಲ. ಆದರೂ ನನ್ನ ಮುಖ ಬಿಸಿಯಾಯಿತು. ಅವಳ ಮಗ ಹತ್ತಿರದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಮುಖಂಡನ ಕಡೆಯ ಹುಡುಗರು ದಾರಿಯಲ್ಲಿ ಅವನ ಬೈಕ್ ಅಡ್ಡಗಟ್ಟಿ ಮೊಬೈಲಿನಲ್ಲಿ ತಾಯಿಯ ದನಿ ಹಾಕಿ, ಅದರ ಹಿಂದೆ ನಗುವಿನ ಸದ್ದು ಸೇರಿಸಿ ಕೇಳಿಸುತ್ತಾರೆ ಎಂದು ಅವಳೇ ಹೇಳಿದಳು. ಗಂಡ ಮಾತು ಬಿಟ್ಟಿದ್ದಾನೆ. ಓಣಿಯವರಲ್ಲೂ ಕೆಲವರು, ನಿನ್ನಿಂದ ಉಪ್ಪುನೀರಿನ ಜೊತೆಗೆ ಇದೂ ಬಂತು ಎಂದರಂತೆ.

‘ನಾನು ರೇಡಿಯೋನೇ ನಿಲ್ಲಿಸ್ತೀನಿ’ ಎಂದೆ. ಬಸ್ಸಿನಲ್ಲಿ ಬರುವಾಗಲೇ ನಿರ್ಧರಿಸಿದ್ದೆ. ಫೋನ್ ಮಾಡಿದವರ ನಂಬರು ಕಾಯಲಾಗದವರಿಗೆ ಫೋನ್ ಮಾಡಿ ಎನ್ನುವ ಹಕ್ಕಿಲ್ಲ ಎಂದು ಅವಳಿಗೆ ಹೇಳಲು ಹೊರಟೆ.

ಅವಳು ಮೊದಲ ಬಾರಿಗೆ ಕೈ ನಿಲ್ಲಿಸಿದಳು. ‘ನಿಲ್ಲಿಸ್ರಿ, ಬಿಡ್ರಿ, ಅದು ನಿಮ್ಮ ಇಷ್ಟ. ನನ್ನ ಹೆಸರಿನ ಮ್ಯಾಲೆ ಹಾಕಿ ಮುಚ್ಚಬ್ಯಾಡ್ರಿ. ಆ ಹೆಂಗಸಿಗೆ ಅನ್ಯಾಯ ಆಯ್ತು, ಅದಕ್ಕೆ ಮುಚ್ಚಿದ್ವಿ ಅಂತ ಒಂದು ಮಾತು ನಿಮ್ಮ ಬಾಯಾಗೆ ಬಂದ್ರೆ ಮತ್ತೆ ನನ್ನ ಮನೆ ಮುಂದೆ ಜನ ನಿಲ್ತಾರೆ. ನನ್ನ ಬಗ್ಗೆ ಒಂದಕ್ಷರ ಆಡಬ್ಯಾಡ್ರಿ. ಹೋಗ್ರಿ, ಆಟೋದೋನು ಕಾಯ್ತಾ ಅವ್ನೆ.’

ಕುಡಿಯಲು ನೀರು ಬೇಕೇ ಎಂದು ಅವಳು ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ಊರಿನಲ್ಲಿ ಅದನ್ನು ಬಾಯಿಬಿಟ್ಟು ಕೇಳುವ ಮುಖ ನನಗಿರಲಿಲ್ಲ.

ಮನೆಗೆ ಬಂದು ಮೈದುನನಿಗೆ ಹೇಳಿದೆ. ಅವನು ನಂಬಲಿಲ್ಲ. ‘ಈಗ ತಾನೆ ಜನ ಕೇಳ್ತಾ ಅವ್ರೆ. ಅಣ್ಣಾರು ಜಾಹೀರಾತು ಕೊಡ್ತೀನಿ ಅಂದವ್ರೆ. ಸಿಟ್ಟಿನ ಹೊತ್ತು ಒಂದು ತೆಗೀರಿ, ಮಿಕ್ಕಿದ್ದು ನಡೀಲಿ’ ಎಂದ. ಅಣ್ಣಾರು ಎಂದರೆ ಆ ಮುಖಂಡ. ಮೈದುನನ ಬಾಯಲ್ಲಿ ಆ ಗೌರವದ ಮಾತು ಅಷ್ಟು ಸಲೀಸಾಗಿ ಬಂದದ್ದು ಕೇಳಿ ನನಗೆ ಉಳಿದಿದ್ದ ಅಲ್ಪಸ್ವಲ್ಪ ಅನುಮಾನವೂ ಹೋಯಿತು. ಸರ್ವರಿನ ಖಾತೆ ನನ್ನ ಹೆಸರಿನಲ್ಲಿತ್ತು. ನಾನು ನಿಲ್ಲಿಸಿದರೆ ಅದು ನಿಂತಂತೆಯೇ. ಅವನಿಗೂ ಅದು ಗೊತ್ತಿತ್ತು.

ಅತ್ತೆ ನಮ್ಮ ಕಡೆಯ ಅಡಿಗೆಮನೆಗೆ ಬಂದು ಬಾಗಿಲಲ್ಲಿ ನಿಂತರು. ‘ಯಾರದೋ ಊರಿನ ನೀರಿಗೆ ಅಣ್ತಮ್ಮಂದಿರ ಮನೆ ಒಡೀತೀಯೇನವ್ವ?’ ಎಂದರು.

‘ನಮ್ಮ ನಲ್ಲೀಲಿ ನೀರು ಬರ್ತೈತೆ ಅತ್ತೆ, ಅದಕ್ಕೆ ಹಂಗಂತೀರಿ’ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕಿರಿಯ ಮಗನ ಕಡೆಯ ಭಾಗಕ್ಕೆ ಹೋದರು. ಆಮೇಲೆ ಬಹಳ ಕಾಲ ಅಲ್ಲೇ ಊಟ ಮಾಡಿದರು. ನನ್ನ ಗಂಡ ಎರಡೂ ಕಡೆಯ ಮಾತು ಕೇಳಿ, ‘ನಿಲ್ಲಿಸೋದಾದ್ರೆ ಬೇಗ ನಿಲ್ಲಿಸು, ಎಳೀಬೇಡ’ ಎಂದಷ್ಟೇ ಹೇಳಿದರು.

ಕೊನೆಯ ದಿನ ನಾನೊಬ್ಬಳೇ ಸ್ಟುಡಿಯೋದಲ್ಲಿ ಕೂತೆ. ಮೈದುನ ಬರಲಿಲ್ಲ. ಮಿಕ್ಸರಿನಲ್ಲಿ ದನಿ ಏರಿಸಿ ಇಳಿಸಲು ಸರಿಸುವ ಪಟ್ಟಿಗಳಲ್ಲಿ ಮೈಕಿನದು ಯಾವುದು, ಫೋನಿನದು ಯಾವುದು ಎಂಬಷ್ಟು ಮಾತ್ರ ನನಗೆ ಗೊತ್ತಿತ್ತು. ‘ಇವತ್ತಿಗೆ ಈ ರೇಡಿಯೋ ನಿಲ್ಲುತ್ತದೆ. ನಿಲ್ಲಿಸುತ್ತಿರುವವಳು ನಾನು’ ಎಂದು ಹೇಳಿದೆ. ಕಾರಣ ಹೇಳಲಿಲ್ಲ. ಕೊನೆಯದಾಗಿ ಸಿಟ್ಟಿನ ಹೊತ್ತು ತೆರೆದಿದೆ, ಬೈಯುವವರು ಬೈಯಬಹುದು ಎಂದೆ.

ಅವರು ಬೈದರು. ಒಬ್ಬನಿಗೂ ಊರ ಮುಖಂಡರು, ಬಸ್ಸು, ಮುಳ್ಳುತಂತಿ ನೆನಪಾಗಲಿಲ್ಲ. ಎಲ್ಲರೂ ನನ್ನನ್ನೇ ಬೈದರು. ‘ಓದಿದೋರ ಹಣೇಬರಹನೇ ಇಷ್ಟು. ಬೇಜಾರಾದ್ರೆ ಎದ್ದು ಹೋಗ್ತೀರಿ’ ಎಂದ ಒಬ್ಬ. ‘ಗಂಡ ಬೈದನೇನ್ರಿ?’ ಎಂದು ಇನ್ನೊಬ್ಬ ನಗುತ್ತಾ ಕೇಳಿದ. ‘ನಿಮ್ಮನ್ನ ನಂಬ್ಕಂಡು ನಮ್ಮತ್ತೇನ ರೇಡಿಯೋದಾಗೆ ಬೈಕಂಡಿದ್ದೆ, ಈಗ ಮನೇಲೇ ಬೈಬೇಕಾಗ್ತೈತೆ’ ಎಂದಳು ಹಿರಿಯೂರಿನ ಕಡೆಯ ಸೊಸೆಯೊಬ್ಬಳು. ದುಡ್ಡು ತಿಂದಿದ್ದೀರಿ, ಹೆದರಿದ್ದೀರಿ, ಜಂಬ ನಿಮಗೆ, ನಮ್ಮ ಮಾತು ಕೇಳಿ ಕೇಳಿ ನಗಾಡಿಕೊಂಡಿದ್ದಿರಿ ಎಂದೆಲ್ಲ ಬಂತು. ಒಂದೇ ಒಂದು ವಾಕ್ಯ ಹೇಳಿದ್ದರೆ ಅವರೆಲ್ಲರ ಸಿಟ್ಟು ತಿರುಗಿ ಮೈದುನನ ಕಡೆಗೋ ಹೊಸದುರ್ಗದ ಕಡೆಗೋ ಹೋಗುತ್ತಿತ್ತು. ಹೇಳಲಿಲ್ಲ. ಹುಣಸೆ ಬಿಡಿಸುತ್ತಿದ್ದ ಕೈ ನಿಂತದ್ದು ನೆನಪಿತ್ತು. ಪ್ರತಿಯೊಬ್ಬರಿಗೂ ‘ಕೇಳಿಸಿತು’ ಎಂದೆ, ಅಷ್ಟೆ. ಹೊತ್ತು ಮುಗಿದ ಮೇಲೆ ಪಟ್ಟಿಗಳನ್ನೆಲ್ಲ ಕೆಳಗಿಳಿಸಿದೆ.

ಆಮೇಲೆ ಕಂಪ್ಯೂಟರಿನಲ್ಲಿದ್ದ ಹಳೆಯ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಅಳಿಸಿದೆ. ಟಗರಿನ ಮಾತು ಆಡಿದ ಕುರಿಯವನನ್ನು ಅಳಿಸುವಾಗ ಕೈ ತಡೆಯಿತು, ಆದರೂ ಅಳಿಸಿದೆ. ಸ್ಟುಡಿಯೋದ ಮೊಬೈಲನ್ನು ಮೈದುನನ ಹೆಂಡತಿಯಿಂದ ಇಸಿದುಕೊಂಡು ನಂಬರುಗಳನ್ನು ಅಳಿಸಿ, ಸಿಮ್ ಹೊರತೆಗೆದು ಅಡಿಗೆಮನೆಯ ಕತ್ತರಿಯಿಂದ ಎರಡು ತುಂಡು ಮಾಡಿದೆ. ಅವಳು ನೋಡುತ್ತಾ ನಿಂತಿದ್ದಳು. ‘ನಮ್ಮನೆಯೋರು ನಂಬರುಗಳ್ನ ಬೇರೆ ಕಡೆ ಬರ್ಕಂಡಿರ್ತಾರೆ ಅಕ್ಕ’ ಎಂದಳು ಮೆಲ್ಲಗೆ. ಅದು ನಿಜವಿರಬಹುದು. ನಗುವಿನ ಸದ್ದು ಸೇರಿಸಿದ ಆ ತುಣುಕಂತೂ ನಾನು ಅಳಿಸಿದ ಮೇಲೂ ಬಹಳ ದಿನ ಓಡಾಡಿತು. ಒಮ್ಮೆ ಮದುವೆ ಮನೆಯೊಂದರಲ್ಲಿ ನನ್ನ ಪಕ್ಕದ ಎಲೆಗೆ ಕೂತವನೇ ಅದನ್ನು ಕೇಳಿಸಿಕೊಂಡು ನಗುತ್ತಾ ಪಾಯಸ ತಿನ್ನುತ್ತಿದ್ದ. ನಾನು ಅರ್ಧ ಊಟಕ್ಕೆ ಎದ್ದೆ.

ಮೈದುನ ಮುಖಂಡನ ದುಡ್ಡಿನಲ್ಲಿ ಯೂಟ್ಯೂಬಿನಲ್ಲಿ ತನ್ನದೇ ಚಾನೆಲ್ ಮಾಡಿದ. ಅದರಲ್ಲಿ ಮುಖಂಡ ಗಿಡ ನೆಟ್ಟದ್ದು, ಮುಖಂಡ ಮಕ್ಕಳಿಗೆ ಬ್ಯಾಗು ಹಂಚಿದ್ದು, ಮುಖಂಡನ ಹುಟ್ಟುಹಬ್ಬ. ನಮ್ಮ ಗೋಡೆಯ ಆಚೆಯಿಂದ ಅದರ ಸಂಗೀತ ಕೇಳುತ್ತಿತ್ತು. ನಾನು ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳತೊಡಗಿದೆ, ಅವರ ಓದಿನ ಸದ್ದಿನಲ್ಲಿ ಅದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಮುಂದಿನ ಚುನಾವಣೆಯಲ್ಲಿ ಮುಖಂಡನ ಕಡೆಯವರು ಸೋತರು. ಆ ಊರಿನ ಫಿಲ್ಟರ್ ಘಟಕ ಆಮೇಲೆ ನಿಜವಾಗಿಯೇ ಕೆಟ್ಟು, ಎರಡೂ ಓಣಿಯವರು ಟ್ಯಾಂಕರಿಗೆ ಕಾಯುತ್ತಿದ್ದಾರೆಂದು ಗಂಡನ ಅಂಗಡಿಗೆ ಬಂದ ಆ ಕಡೆಯವರೊಬ್ಬರು ಹೇಳಿದರಂತೆ. ಆ ಹೆಂಗಸಿನ ಬಗ್ಗೆ ವಿಚಾರಿಸಲು ನಾನು ಗಂಡನಿಗೆ ಹೇಳಲಿಲ್ಲ. ಅವಳ ಬಗ್ಗೆ ಒಂದಕ್ಷರ ಆಡುವುದಿಲ್ಲವೆಂದು ಒಪ್ಪಿಕೊಂಡಿದ್ದೆ. ಈಗ ಇಲ್ಲಿ ಬರೆಯುತ್ತಿರುವುದು ಕೂಡ ಅವಳ ಊರು ಯಾವುದೆಂದು ಯಾರಿಗೂ ತಿಳಿಯದಂತೆ.

ಮುಖಂಡ ಕೈಬಿಟ್ಟ ಮೇಲೆ ಮೈದುನನ ಚಾನೆಲ್ಲೂ ಮುಚ್ಚಿತು. ಒಂದು ಭಾನುವಾರ ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಬಂದು ಮೆಟ್ಟಿಲ ಮೇಲೆ ಕೂತ.

‘ಅತ್ತಿಗೆ, ಮತ್ತೆ ಶುರು ಮಾಡಾಣ. ಜನ ಇನ್ನೂ ನಿಮ್ಮ ದನಿ ಕೇಳ್ತಾರೆ.’

‘ಇಲ್ಲ.’

‘ಇನ್ನೂ ಅದನ್ನೇ ಹಿಡ್ಕಂಡು ಕುಂತೀರಾ? ಆತಪ್ಪ, ತಪ್ಪಾಯ್ತು ಅಂತೀನಿ. ಸಾಕಾ?’

‘ನನಗ್ಯಾಕೆ ಹೇಳ್ತೀಯ? ನನ್ನ ನಂಬರ್ ಕೊಟ್ಟಿಲ್ಲ ನೀನು.’

ಅವನು ಎದ್ದು ಹೋದ. ಹೊಸದುರ್ಗಕ್ಕೆ ಹೋಗಿ ಅವಳಿಗೆ ಹೇಳುತ್ತೀಯಾ ಎಂದು ಕೇಳಬಹುದಿತ್ತು. ಕೇಳಲಿಲ್ಲ, ಏಕೆಂದರೆ ಅವನು ಹೋದರೆ ಅವಳ ಓಣಿಯಲ್ಲಿ ಮತ್ತೊಂದು ಆಟೋ ನಿಲ್ಲುತ್ತದೆ. ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡ ನನ್ನ ಗಂಡ, ‘ಒಂದೇ ಮನೆಯಲ್ಲಿದ್ದುಕೊಂಡು ಎಷ್ಟು ದಿನ ಹೀಗೆ?’ ಎಂದರು.

‘ಊಟಕ್ಕೆ ಕರೀತೀನಿ, ಹಬ್ಬಕ್ಕೆ ಕರೀತೀನಿ. ನಂಬೋದಿಲ್ಲ’ ಎಂದೆ.

ಆ ಮಧ್ಯಾಹ್ನ ಅವನನ್ನೂ ಅವನ ಹೆಂಡತಿಯನ್ನೂ ಕರೆದೆ. ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ಅವನು ಇನ್ನೊಂದು ರೊಟ್ಟಿ ಕೇಳಿದ, ಹಾಕಿದೆ. ಅವನ ಮೊಬೈಲು ತಟ್ಟೆಯ ಪಕ್ಕದಲ್ಲಿ ಸದ್ದು ಮಾಡಿದಾಗ ನಾನೂ ಅವನೂ ಅದರ ಕಡೆ ನೋಡಿದೆವು. ಅವನು ಅದನ್ನು ಬೋರಲು ಹಾಕಿ ಊಟ ಮುಂದುವರಿಸಿದ.